ಹಂಗಿನ ಸರ್ಕಾರ: ಮೈತ್ರಿಯನ್ನು ಹಿಡಿದಿಡುವುದು ಯಾವುದು, ಬೀಳಿಸುವುದು ಯಾವುದು

2019ರ ಜುಲೈ 23ರ ಸಂಜೆ ಕರ್ನಾಟಕದ ವಿಧಾನಸಭೆಯಲ್ಲಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರ ವಿಶ್ವಾಸಮತ ಯಾಚನೆಯ ಪ್ರಸ್ತಾವ ಮತಕ್ಕೆ ಬಂತು. ಸದಸ್ಯರು ಸಾಲು ಸಾಲಾಗಿ ಎದ್ದು ನಿಂತರು, ಸಚಿವಾಲಯದ ಸಿಬ್ಬಂದಿ ಒಂದೊಂದೇ ಸಾಲಿನ ತಲೆ ಎಣಿಸುತ್ತ ಹೋದರು. ಪ್ರಸ್ತಾವದ ಪರ 99, ವಿರುದ್ಧ 105. ಹದಿನಾಲ್ಕು ತಿಂಗಳ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರ ಅಲ್ಲಿಗೆ ಮುಗಿಯಿತು.

ಆ ಎರಡು ಅಂಕಿಗಳನ್ನು ಇನ್ನೊಮ್ಮೆ ನೋಡಬೇಕು. 224 ಚುನಾಯಿತ ಸದಸ್ಯರ ಸಭೆಯಲ್ಲಿ ಬಹುಮತಕ್ಕೆ 113 ಬೇಕು ಎಂಬುದು ಚುನಾವಣೆ ಫಲಿತಾಂಶದ ದಿನ ಎಲ್ಲರ ಬಾಯಲ್ಲೂ ಇರುವ ಲೆಕ್ಕ. ಆದರೆ ಅಂದು ಸರ್ಕಾರವನ್ನು ಬೀಳಿಸಿದವರ ಬಳಿಯೂ 113 ಇರಲಿಲ್ಲ. ಸದನದೊಳಗೆ ನಡೆಯುವುದು ಹಾಜರಿದ್ದು ಮತ ಹಾಕಿದವರ ಬಹುಮತ. ಆ ಸಂಜೆ ಎದ್ದು ನಿಂತವರು 204 ಮಂದಿಯಾದ್ದರಿಂದ ಗೆಲ್ಲಲು 103 ಸಾಕಾಗಿತ್ತು. ಮೈತ್ರಿ ಪಕ್ಷಗಳ ಸದಸ್ಯರು ಎದುರು ಪಾಳಯಕ್ಕೆ ಹೋಗಿ ಕೈ ಎತ್ತಿದ್ದರಿಂದ ಈ ಸರ್ಕಾರ ಬೀಳಲಿಲ್ಲ, ಅವರಲ್ಲಿ ಹಲವರು ಸದನಕ್ಕೇ ಬಾರದಿದ್ದುದರಿಂದ ಬಿತ್ತು. ಸಮ್ಮಿಶ್ರ ಸರ್ಕಾರ ಎಂಬ ವ್ಯವಸ್ಥೆ ಹೇಗೆ ನಿಲ್ಲುತ್ತದೆ, ಯಾವ ಬಿರುಕಿನಿಂದ ಒಡೆಯುತ್ತದೆ ಎಂಬುದನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಪ್ರಕರಣವನ್ನೇ ಹಿಡಿದು ಹೋಗಬಹುದು.

ಮೊದಲಿಗೆ, ಮೈತ್ರಿ ಎಂಬುದಕ್ಕೆ ನಮ್ಮ ಸಂವಿಧಾನದಲ್ಲಿ ಎಲ್ಲಿಯೂ ಜಾಗವಿಲ್ಲ. ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ, ಸಚಿವ ಸಂಪುಟವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ ಎಂದಷ್ಟೇ 164ನೇ ವಿಧಿ ಹೇಳುತ್ತದೆ. ರಾಜಕೀಯ ಪಕ್ಷಗಳು ಸಂವಿಧಾನದ ಲೆಕ್ಕಕ್ಕೆ ಬಂದದ್ದೇ 1985ರಲ್ಲಿ, 52ನೇ ತಿದ್ದುಪಡಿಯ ಮೂಲಕ ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಸೇರಿದಾಗ. ಆ ಅನುಸೂಚಿಗೆ ಕೂಡ ಶಾಸಕನಿಗೂ ಅವನ ಪಕ್ಷಕ್ಕೂ ಇರುವ ಸಂಬಂಧ ಗೊತ್ತೇ ಹೊರತು ಎರಡು ಪಕ್ಷಗಳ ನಡುವಿನ ಸಂಬಂಧ ಗೊತ್ತಿಲ್ಲ. ಶಾಸಕನೊಬ್ಬ ತನ್ನ ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಅಪ್ಪಣೆ, ಮೀರಿದರೆ ಶಿಕ್ಷೆಯಿದೆ. ಇಡೀ ಪಕ್ಷವೇ ನಿನ್ನೆ ಕೊಟ್ಟ ಮಾತನ್ನು ಇಂದು ಮುರಿದರೆ ಯಾವ ಶಿಕ್ಷೆಯೂ ಇಲ್ಲ, ಯಾವ ನ್ಯಾಯಾಲಯವೂ ಅದನ್ನು ಕರಾರು ಉಲ್ಲಂಘನೆಯೆಂದು ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ. ಕಾನೂನಿನ ಜಾಗದಲ್ಲಿ ಇಲ್ಲಿ ಕೆಲಸ ಮಾಡುವುದು ಕನ್ನಡದಲ್ಲಿ ಸೊಗಸಾದ ಹೆಸರಿರುವ ಒಂದು ವಸ್ತು: ಹಂಗು. 2018ರ ಮೇ ತಿಂಗಳಲ್ಲಿ ಪ್ರಮಾಣವಚನ ಸ್ವೀಕರಿಸಿದ ಕೆಲವೇ ದಿನಗಳಲ್ಲಿ ಕುಮಾರಸ್ವಾಮಿಯವರು ತಾವು ಕಾಂಗ್ರೆಸ್ಸಿನ ಹಂಗಿನಲ್ಲಿರುವುದಾಗಿ, ರಾಜ್ಯದ ಆರೂವರೆ ಕೋಟಿ ಜನರ ಹಂಗಿನಲ್ಲಿಲ್ಲವೆಂದು ಹೇಳಿ ಟೀಕೆಗೆ ಗುರಿಯಾದರು. ಮುಖ್ಯಮಂತ್ರಿಯ ಬಾಯಿಂದ ಬರಬಾರದ ಮಾತು ಅದು, ನಿಜ. ಆದರೆ ಮೈತ್ರಿ ಸರ್ಕಾರದ ಸ್ಥಿತಿಯನ್ನು ಅಷ್ಟು ನೇರವಾಗಿ ಹೇಳಿದ ಇನ್ನೊಂದು ಮಾತು ನನಗೆ ನೆನಪಾಗುವುದಿಲ್ಲ.

ಆ ಹಂಗು ಹುಟ್ಟುವುದು ಮತಗಳು ಸ್ಥಾನಗಳಾಗಿ ಬದಲಾಗುವ ರೀತಿಯಲ್ಲಿ. 2018ರಲ್ಲಿ ಕಾಂಗ್ರೆಸ್ಸಿಗೆ ಶೇ 38ರಷ್ಟು ಮತ ಬಂದಿತ್ತು, ಬಿಜೆಪಿಗೆ ಶೇ 36ರಷ್ಟು. ಆದರೂ ಮೇ 15ರಂದು ಮತ ಎಣಿಕೆ ಮುಗಿದಾಗ ಬಿಜೆಪಿ 104 ಸ್ಥಾನ ಗಳಿಸಿತ್ತು, ಕಾಂಗ್ರೆಸ್ 78ರಲ್ಲಿ ನಿಂತಿತ್ತು. ಶೇ 18ರಷ್ಟು ಮತ ಪಡೆದ ಜೆಡಿಎಸ್ 37 ಸ್ಥಾನ ಗೆದ್ದಿತ್ತು. ಪ್ರತಿ ಕ್ಷೇತ್ರದಲ್ಲಿಯೂ ಹೆಚ್ಚು ಮತ ಪಡೆದವನೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ರಾಜ್ಯದ ತುಂಬ ಸಮನಾಗಿ ಹರಡಿದ ಮತಕ್ಕಿಂತ ಕೆಲವೆಡೆ ಗಟ್ಟಿಯಾಗಿ ನಿಂತ ಮತಕ್ಕೆ ಬೆಲೆ ಹೆಚ್ಚು. ಕಾಂಗ್ರೆಸ್ಸಿನ ಮತ ಬೀದರಿನಿಂದ ಚಾಮರಾಜನಗರದವರೆಗೆ ಹರಡಿತ್ತು, ಹಾಗಾಗಿ ಎಷ್ಟೋ ಕಡೆ ಎರಡನೆಯ ಸ್ಥಾನಕ್ಕೆ ಬಂದು ವ್ಯರ್ಥವಾಯಿತು. ಜೆಡಿಎಸ್‌ನ ಮತ ಹಾಸನ, ಮಂಡ್ಯ, ರಾಮನಗರ, ತುಮಕೂರು, ಮೈಸೂರಿನ ಸುತ್ತ ಮಡುಗಟ್ಟಿತ್ತು. ಎರಡು ಪಕ್ಷಗಳಷ್ಟೇ ಇರುವ ಕಡೆ ಈ ಪದ್ಧತಿ ಸ್ಪಷ್ಟ ಬಹುಮತವನ್ನು ತಂದುಕೊಡುತ್ತದೆ. ಮೂರನೆಯ ಪಕ್ಷವೊಂದು ಒಂದು ಪ್ರದೇಶದಲ್ಲಿ ಬೇರು ಬಿಟ್ಟು ಕುಳಿತರೆ ಅತಂತ್ರ ವಿಧಾನಸಭೆಯ ಸಾಧ್ಯತೆ ಸದಾ ಇರುತ್ತದೆ. 2004ರಲ್ಲಿಯೂ ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58 ಎಂಬ ಇಂಥದ್ದೇ ಹಂಚಿಕೆ ಬಂದಿತ್ತು.

ಅತಂತ್ರ ಫಲಿತಾಂಶ ಬಂದಾಗ ಯಾರನ್ನು ಮೊದಲು ಕರೆಯಬೇಕು? ಕೇಂದ್ರ–ರಾಜ್ಯ ಸಂಬಂಧಗಳ ಕುರಿತ ಸರ್ಕಾರಿಯಾ ಆಯೋಗ ಇದಕ್ಕೊಂದು ಕ್ರಮ ಸೂಚಿಸಿತ್ತು. ಚುನಾವಣೆಗೆ ಮೊದಲೇ ಆದ ಮೈತ್ರಿಗೆ ಮೊದಲ ಸ್ಥಾನ, ಇತರರ ಬೆಂಬಲದೊಂದಿಗೆ ಮುಂದೆ ಬರುವ ಅತಿ ದೊಡ್ಡ ಪಕ್ಷಕ್ಕೆ ಎರಡನೆಯದು, ಚುನಾವಣೆಯ ನಂತರ ಕೂಡಿಕೊಂಡು ಎಲ್ಲರೂ ಸರ್ಕಾರಕ್ಕೆ ಸೇರುವ ಮೈತ್ರಿಗೆ ಮೂರನೆಯದು, ಕೆಲವರು ಹೊರಗೆ ನಿಂತು ಬೆಂಬಲಿಸುವ ಮೈತ್ರಿಗೆ ಕೊನೆಯದು. ಇದು ಶಿಫಾರಸು ಮಾತ್ರ, ಕಾನೂನಲ್ಲ. 2017ರಲ್ಲಿ ಗೋವಾದ 40 ಸ್ಥಾನಗಳಲ್ಲಿ 17 ಗೆದ್ದ ಕಾಂಗ್ರೆಸ್ಸನ್ನು ಬಿಟ್ಟು, 13 ಗೆದ್ದು ಇತರರನ್ನು ಕೂಡಿಸಿಕೊಂಡ ಬಿಜೆಪಿ ಸರ್ಕಾರ ರಚಿಸಿತು. ಮರುವರ್ಷ ಕರ್ನಾಟಕದಲ್ಲಿ ರಾಜ್ಯಪಾಲ ವಜೂಭಾಯಿ ವಾಲಾ ಅವರು, ಕಾಂಗ್ರೆಸ್ ಮತ್ತು ಜೆಡಿಎಸ್ ಕೂಡಿ ಹಕ್ಕು ಮಂಡಿಸಿದ್ದರೂ, ಅತಿ ದೊಡ್ಡ ಪಕ್ಷದ ನಾಯಕ ಬಿ.ಎಸ್. ಯಡಿಯೂರಪ್ಪನವರನ್ನು ಕರೆದು ಬಹುಮತ ಸಾಬೀತಿಗೆ 15 ದಿನ ಕೊಟ್ಟರು. ಸುಪ್ರೀಂ ಕೋರ್ಟ್ ಆ ಅವಧಿಯನ್ನು ಮೇ 19ರ ಸಂಜೆ ನಾಲ್ಕಕ್ಕೆ ಇಳಿಸಿತು. ಅಂದು ಮತದಾನಕ್ಕೆ ಮೊದಲೇ ಯಡಿಯೂರಪ್ಪ ರಾಜೀನಾಮೆ ಘೋಷಿಸಿದರು. ಎರಡು ರಾಜ್ಯ, ಎರಡು ನ್ಯಾಯ. ಯಾವ ಪಕ್ಷದ ವಕ್ತಾರರನ್ನು ಕೇಳಿದರೂ ಒಂದು ಕಡೆ ಸರಿಯಾದದ್ದು ಇನ್ನೊಂದು ಕಡೆ ತಪ್ಪಾದದ್ದಕ್ಕೆ ಕಾರಣ ಸಿದ್ಧವಿರುತ್ತದೆ.

ಬಹುಮತವನ್ನು ರಾಜಭವನದಲ್ಲಿ ಅಲ್ಲ, ಸದನದಲ್ಲೇ ತೂಗಬೇಕೆಂಬ ನಿಯಮ ಹುಟ್ಟಿದ್ದೂ ಬೆಂಗಳೂರಿನ ಪ್ರಕರಣದಿಂದ. 1989ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರಿಗೆ ಬೆಂಬಲ ಹಿಂತೆಗೆದುಕೊಳ್ಳುವುದಾಗಿ 19 ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ತಲುಪಿದವು. ಅದರ ಬೆನ್ನಲ್ಲೇ ಅವರಲ್ಲಿ ಏಳು ಮಂದಿ ತಮಗೆ ತಪ್ಪು ತಿಳಿವಳಿಕೆ ಕೊಟ್ಟು ಸಹಿ ಪಡೆಯಲಾಗಿತ್ತು ಎಂದು ಬರೆದುಕೊಟ್ಟರು. ಬೇಕಾದರೆ ಸದನ ಕರೆದು ಬಹುಮತ ತೋರಿಸುವೆನೆಂದು ಬೊಮ್ಮಾಯಿ ಹೇಳಿದರೂ ಕೇಳದೆ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಬೊಮ್ಮಾಯಿಯವರಿಗೆ ಕುರ್ಚಿಯನ್ನು ಮರಳಿ ಕೊಡಲಿಲ್ಲ. ಕೊಡಲು ಆ ವಿಧಾನಸಭೆಯೇ ಉಳಿದಿರಲಿಲ್ಲ. ಆದರೆ ಅಲ್ಲಿಂದೀಚೆಗೆ ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ವಕೀಲರು ಮೊದಲು ಎತ್ತುವ ಹೆಸರು ಬೊಮ್ಮಾಯಿಯವರದೇ.

ಇನ್ನು ಮೈತ್ರಿಗಳ ಬಗೆಗಳು. ಚುನಾವಣೆಗೆ ಮೊದಲೇ ಸ್ಥಾನ ಹಂಚಿಕೊಂಡು ಒಟ್ಟಾಗಿ ಮತ ಕೇಳುವ ಮೈತ್ರಿಯಲ್ಲಿ ಮತದಾರನಿಗೆ ತಾನು ಯಾರ ಕೂಟಕ್ಕೆ ಮತ ಹಾಕುತ್ತಿದ್ದೇನೆಂಬುದು ಗೊತ್ತಿರುತ್ತದೆ. ಕೇರಳದಲ್ಲಿ ದಶಕಗಳಿಂದ ಎಡರಂಗ ಮತ್ತು ಐಕ್ಯರಂಗ ಹೀಗೆಯೇ ಸೆಣಸುತ್ತಿವೆ, ಅವುಗಳೊಳಗೆ ಎಷ್ಟು ಪಕ್ಷಗಳಿದ್ದರೂ ಅಲ್ಲಿನ ಸರ್ಕಾರಗಳು ಸಾಮಾನ್ಯವಾಗಿ ಅವಧಿ ಪೂರೈಸುತ್ತವೆ. ಸಣ್ಣ ಪಕ್ಷದವನು ಮುಖ್ಯಮಂತ್ರಿಯಾದರೆ ಸರ್ಕಾರ ಉಳಿಯದು ಎಂಬ ಮಾತೂ ಅಲ್ಲಿ ಸುಳ್ಳಾಗಿದೆ. ಸಿಪಿಐನ ಸಿ. ಅಚ್ಯುತ ಮೆನನ್ ಕಾಂಗ್ರೆಸ್ಸಿನ ಜೊತೆಯಲ್ಲಿ 1970ರಿಂದ 1977ರವರೆಗೆ ಆಳಿದರು. ಆದ್ದರಿಂದ ಪಕ್ಷಗಳ ಸಂಖ್ಯೆ ಹೆಚ್ಚಾದಷ್ಟೂ ಸರ್ಕಾರ ದುರ್ಬಲ ಎಂಬ ಲೆಕ್ಕ ಸರಿಯಲ್ಲ.

ಹೊರಗಿನಿಂದ ಬೆಂಬಲ ಎಂಬುದು ಬೇರೆಯದೇ ಜಾತಿ. ಅಧಿಕಾರದಲ್ಲಿ ಪಾಲು ಪಡೆಯದೆ, ಹೊಣೆಯನ್ನೂ ಹೊರದೆ, ಬೀಳಿಸುವ ಶಕ್ತಿಯನ್ನು ಮಾತ್ರ ಕೈಯಲ್ಲಿಟ್ಟುಕೊಳ್ಳುವ ವ್ಯವಸ್ಥೆ ಅದು. 1996ರಲ್ಲಿ ಅಟಲ್ ಬಿಹಾರಿ ವಾಜಪೇಯಿಯವರ 13 ದಿನಗಳ ಸರ್ಕಾರದ ನಂತರ 13 ಪಕ್ಷಗಳ ಸಂಯುಕ್ತ ರಂಗದ ನಾಯಕರಾಗಿ ಎಚ್.ಡಿ. ದೇವೇಗೌಡರು ಪ್ರಧಾನಿಯಾದರು. ಜನತಾದಳ ಆ ಲೋಕಸಭೆಯಲ್ಲಿ ಗೆದ್ದಿದ್ದ 46 ಸ್ಥಾನಗಳಲ್ಲಿ 16 ಕರ್ನಾಟಕದಿಂದಲೇ ಬಂದಿದ್ದವು. ಹೊರಗಿನಿಂದ ಬೆಂಬಲ ಕೊಟ್ಟ ಕಾಂಗ್ರೆಸ್ ಗೆದ್ದದ್ದು 140. ಬೆಂಬಲ ಪಡೆದವನಿಗಿಂತ ಕೊಟ್ಟವನು ಮೂರು ಪಟ್ಟು ದೊಡ್ಡವನಾಗಿದ್ದಾಗ ಹಂಗು ಒಂದೇ ಕಡೆಗೆ ಹರಿಯುತ್ತದೆ. ಕಾಂಗ್ರೆಸ್ ಅಧ್ಯಕ್ಷ ಸೀತಾರಾಮ್ ಕೇಸರಿಯವರು 1997ರ ಮಾರ್ಚ್ ಕೊನೆಯಲ್ಲಿ ಬೆಂಬಲ ಹಿಂತೆಗೆದುಕೊಂಡರು. ಏಪ್ರಿಲ್ 11ರಂದು ಗೌಡರ ವಿಶ್ವಾಸಮತಕ್ಕೆ 158 ಮತ ಬಿದ್ದವು, ವಿರುದ್ಧವಾಗಿ 292. ಗಮನಿಸಬೇಕಾದ ಸಂಗತಿಯೆಂದರೆ, ಸರ್ಕಾರದೊಳಗಿದ್ದ 13 ಪಕ್ಷಗಳು ಜಗಳವಾಡಿ ಅದನ್ನು ಕೆಡವಲಿಲ್ಲ. ಕೆಡವಿದ್ದು ಹೊಸ್ತಿಲಾಚೆ ನಿಂತಿದ್ದ ಒಂದು ಪಕ್ಷ.

ಸರ್ಕಾರದೊಳಗೇ ಸೇರಿಕೊಂಡ ಪಾಲುದಾರರ ನಡುವೆ ಮೊದಲ ಚೌಕಾಸಿ ಖಾತೆಗಳದ್ದು. 2003ರ 91ನೇ ತಿದ್ದುಪಡಿ ಸಚಿವರ ಸಂಖ್ಯೆಯನ್ನು ಸದನದ ಬಲದ ಶೇ 15ಕ್ಕೆ ಮಿತಿಗೊಳಿಸಿದ್ದರಿಂದ ಕರ್ನಾಟಕದಲ್ಲಿ ಮುಖ್ಯಮಂತ್ರಿ ಸೇರಿ 34 ಕುರ್ಚಿಗಳಷ್ಟೇ ಇವೆ. 2018ರಲ್ಲಿ ಕಾಂಗ್ರೆಸ್ಸಿಗೆ 22, ಜೆಡಿಎಸ್‌ಗೆ 12 ಎಂದು ಹಂಚಿಕೆಯಾಯಿತು. ಹಣಕಾಸು ಖಾತೆ ಮುಖ್ಯಮಂತ್ರಿಯ ಬಳಿ ಉಳಿಯಿತು, ಗೃಹ ಖಾತೆ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರಿಗೆ ಹೋಯಿತು. ಕುರ್ಚಿ ಸಿಗದವರಿಗೆ ನಿಗಮ–ಮಂಡಳಿಗಳ ಅಧ್ಯಕ್ಷಗಿರಿ. ಅದೂ ಸಿಗದವರು ಅಥವಾ ಸಿಕ್ಕಿದ್ದು ಸಾಲದೆಂದವರು ಅತೃಪ್ತರು. ಈ ‘ಅತೃಪ್ತ’ ಎಂಬ ಪದ ಕರ್ನಾಟಕದ ರಾಜಕೀಯ ವರದಿಗಾರಿಕೆಯಲ್ಲಿ ಒಂದು ಹುದ್ದೆಯ ಹೆಸರಿನಂತೆಯೇ ಬಳಕೆಯಲ್ಲಿದೆ.

ಖಾತೆಗಿಂತ ಸೂಕ್ಷ್ಮವಾದದ್ದು ಕಾರ್ಯಕ್ರಮ. ಒಬ್ಬರ ಹೆಸರಿನ ಯೋಜನೆಯನ್ನು ಇನ್ನೊಬ್ಬರು ನಡೆಸುವಾಗ ಆಗುವ ಇರುಸುಮುರುಸಿಗೆ ಎರಡು ಕಿಲೋ ಅಕ್ಕಿಯ ಕಥೆಯೇ ಸಾಕ್ಷಿ. ಸಿದ್ದರಾಮಯ್ಯನವರು ಆ ವರ್ಷದ ಫೆಬ್ರುವರಿಯಲ್ಲೇ ಆಯವ್ಯಯ ಮಂಡಿಸಿದ್ದರು, ಹೊಸತರ ಅಗತ್ಯವಿಲ್ಲವೆಂಬುದು ಅವರ ನಿಲುವಾಗಿತ್ತು. ಆದರೆ ಸಾಲಮನ್ನಾದ ಭರವಸೆ ಕೊಟ್ಟು ಗೆದ್ದ ಕುಮಾರಸ್ವಾಮಿಯವರಿಗೆ ತಮ್ಮದೇ ಆಯವ್ಯಯ ಬೇಕಿತ್ತು. ಜುಲೈ 5ರಂದು 34,000 ಕೋಟಿ ರೂಪಾಯಿಯ ಬೆಳೆ ಸಾಲ ಮನ್ನಾ ಘೋಷಿಸಿದ ಅದೇ ಆಯವ್ಯಯದಲ್ಲಿ ಪೆಟ್ರೋಲ್, ಡೀಸೆಲ್ ಮೇಲಿನ ತೆರಿಗೆ ಏರಿತು, ಅನ್ನಭಾಗ್ಯದ ಅಕ್ಕಿ ತಲೆಗೆ ಏಳು ಕಿಲೋದಿಂದ ಐದಕ್ಕೆ ಇಳಿಯಿತು. ಅನ್ನಭಾಗ್ಯ ಸಿದ್ದರಾಮಯ್ಯನವರ ಗುರುತಿನ ಯೋಜನೆ. ಅವರು ಮೈತ್ರಿಯ ಸಮನ್ವಯ ಸಮಿತಿಯ ಅಧ್ಯಕ್ಷರೂ ಆಗಿದ್ದರು. ತಮ್ಮದೇ ಸರ್ಕಾರದ ಮುಖ್ಯಮಂತ್ರಿಗೆ ಪತ್ರ ಬರೆದು ಏಳು ಕಿಲೋ ಮುಂದುವರಿಸಬೇಕೆಂದು ಒತ್ತಾಯಿಸಿದರು, ಅಕ್ಕಿಯ ಪ್ರಮಾಣ ಮತ್ತೆ ಏಳಕ್ಕೆ ಏರಿತು. ಅದೇ ತಿಂಗಳಲ್ಲಿ ಕುಮಾರಸ್ವಾಮಿಯವರು ಪಕ್ಷದ ಸಭೆಯೊಂದರಲ್ಲಿ ಕಣ್ಣೀರು ಹಾಕುತ್ತ ತಮ್ಮನ್ನು ವಿಷಕಂಠನಿಗೆ ಹೋಲಿಸಿಕೊಂಡರು. ಆಡಳಿತದ ದೃಷ್ಟಿಯಿಂದ ಅಕ್ಕಿಯ ವಿಷಯ ಅಲ್ಲಿಗೆ ಮುಗಿಯಿತು. ಮತದಾರರ ಮುಂದೆ ಸಾಲಮನ್ನಾದ ಹೆಸರು ಯಾರಿಗೆ, ಅಕ್ಕಿಯ ಹೆಸರು ಯಾರಿಗೆ ಎಂಬ ಪೈಪೋಟಿ ಮಾತ್ರ ಮುಗಿಯುವಂಥದ್ದಾಗಿರಲಿಲ್ಲ.

ಕಾರ್ಯಕ್ರಮವನ್ನಲ್ಲದೆ ಕಾಲವನ್ನೇ ಹಂಚಿಕೊಂಡ ಮೈತ್ರಿಯೂ ನಮ್ಮಲ್ಲಿ ನಡೆದಿದೆ. 2006ರ ಫೆಬ್ರುವರಿಯಲ್ಲಿ ಧರ್ಮಸಿಂಗ್ ಸರ್ಕಾರ ಉರುಳಿ ಜೆಡಿಎಸ್–ಬಿಜೆಪಿ ಕೂಡಿದಾಗ ವಿಧಾನಸಭೆಯ ಅವಧಿ ಸುಮಾರು 40 ತಿಂಗಳು ಉಳಿದಿತ್ತು. ಅದನ್ನು ಸರಿಯಾಗಿ ಎರಡು ಪಾಲು ಮಾಡಿ ಮೊದಲ 20 ತಿಂಗಳು ಕುಮಾರಸ್ವಾಮಿಗೆ, ನಂತರದ 20 ಯಡಿಯೂರಪ್ಪನವರಿಗೆ ಎಂದು ಮಾತಾಯಿತು. ಇಂಥ ಒಪ್ಪಂದದ ದೋಷ ಅದರ ಲೆಕ್ಕದಲ್ಲೇ ಇದೆ. ಮೊದಲ ಪಾಳಿಯವನು ಪಡೆಯಬೇಕಾದ್ದನ್ನು ಮೊದಲೇ ಪಡೆದಿರುತ್ತಾನೆ, ಆಮೇಲೆ ಅವನನ್ನು ಮಾತಿಗೆ ಕಟ್ಟಿಹಾಕಲು ಎರಡನೆಯವನ ಬಳಿ ಏನೂ ಉಳಿದಿರುವುದಿಲ್ಲ. 2007ರ ಅಕ್ಟೋಬರ್‌ನಲ್ಲಿ ಅಧಿಕಾರ ಹಸ್ತಾಂತರ ಆಗಲಿಲ್ಲ, ಬಿಜೆಪಿ ಬೆಂಬಲ ಹಿಂತೆಗೆದುಕೊಂಡಿತು, ರಾಷ್ಟ್ರಪತಿ ಆಳ್ವಿಕೆ ಬಂತು. ಮತ್ತೆ ರಾಜಿಯಾಗಿ ನವೆಂಬರ್ 12ರಂದು ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿ, ಜೆಡಿಎಸ್ ಬೆಂಬಲ ಸಿಗದೆ ಏಳೇ ದಿನಕ್ಕೆ ರಾಜೀನಾಮೆ ಕೊಟ್ಟರು. ಮಾತು ತಪ್ಪಿದವರಿಗೆ ಶಿಕ್ಷೆ ಕೊಡಬಲ್ಲವರು ಮತದಾರರು ಮಾತ್ರವಾಗಿದ್ದರು, ಅವರು ಅದನ್ನು 2008ರಲ್ಲಿ ಕೊಟ್ಟರು: ಜೆಡಿಎಸ್ 58ರಿಂದ 28ಕ್ಕೆ ಇಳಿಯಿತು.

ನನ್ನ ಅಭಿಪ್ರಾಯದಲ್ಲಿ ಇವೆಲ್ಲಕ್ಕಿಂತ ಆಳವಾದ ಬಿರುಕು ವಿಧಾನಸೌಧದಲ್ಲಿ ಕಾಣುವುದಿಲ್ಲ, ತಾಲ್ಲೂಕು ಕೇಂದ್ರಗಳಲ್ಲಿ ಕಾಣುತ್ತದೆ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಕಾಂಗ್ರೆಸ್ಸಿಗನೆಂದರೆ ಜೆಡಿಎಸ್‌ ವಿರೋಧಿ, ಜೆಡಿಎಸ್‌ನವನೆಂದರೆ ಕಾಂಗ್ರೆಸ್ ವಿರೋಧಿ. ಹಾಲಿನ ಸೊಸೈಟಿಯಿಂದ ಹಿಡಿದು ಗ್ರಾಮ ಪಂಚಾಯಿತಿಯವರೆಗೆ ಎದುರುಬದುರು ನಿಂತು ಬಡಿದಾಡಿದವರಿಗೆ ನಾಯಕರು ಬೆಂಗಳೂರಿನಲ್ಲಿ ಕೈ ಕುಲುಕಿದ ಮಾತ್ರಕ್ಕೆ ಒಂದೇ ಚಿಹ್ನೆಗೆ ಮತ ಹಾಕಿರೆಂದರೆ ಹೇಗೆ ಹಾಕಿಯಾರು? 2019ರ ಲೋಕಸಭೆ ಚುನಾವಣೆಯಲ್ಲಿ ಎರಡೂ ಪಕ್ಷಗಳು 28 ಕ್ಷೇತ್ರಗಳನ್ನು 21–7ರಂತೆ ಹಂಚಿಕೊಂಡವು. ಹಿಂದಿನ ವರ್ಷದ ಮತಗಳನ್ನು ಸುಮ್ಮನೆ ಕೂಡಿದ್ದರೆ ಅವು ಶೇ 56ನ್ನು ದಾಟುತ್ತಿದ್ದವು. ಆದರೆ ಗೆದ್ದದ್ದು ತಲಾ ಒಂದೊಂದು. ಕಾಂಗ್ರೆಸ್ಸಿನ ಹಾಲಿ ಸಂಸದರಿಗೆ ಟಿಕೆಟ್ ತಪ್ಪಿಸಿ ಬಿಟ್ಟುಕೊಡಲಾದ ತುಮಕೂರಿನಲ್ಲಿ ದೇವೇಗೌಡರೇ 13 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಮಂಡ್ಯದಲ್ಲಿ ಮುಖ್ಯಮಂತ್ರಿಯ ಮಗ ನಿಖಿಲ್, ಪಕ್ಷೇತರ ಅಭ್ಯರ್ಥಿ ಸುಮಲತಾ ಅಂಬರೀಷ್ ಅವರೆದುರು ಒಂದೂಕಾಲು ಲಕ್ಷ ಮತಗಳ ಅಂತರದಿಂದ ಸೋತರು. 2023ರಲ್ಲಿ ಜೆಡಿಎಸ್ ಬಿಜೆಪಿಯ ಜೊತೆಗೂಡಿದ ಮೇಲೆ ಅದೇ ಮಂಡ್ಯದಲ್ಲಿ ಮರುವರ್ಷ ಕುಮಾರಸ್ವಾಮಿ ಗೆದ್ದು ಕೇಂದ್ರ ಸಚಿವರಾದರು. ಆ ಜಿಲ್ಲೆಯಲ್ಲಿ ಬಿಜೆಪಿ ಕಾರ್ಯಕರ್ತನಿಗೂ ಜೆಡಿಎಸ್ ಕಾರ್ಯಕರ್ತನಿಗೂ ಹಂಚಿಕೊಳ್ಳಲು ಹಳೆಯ ಜಗಳ ಅಷ್ಟಾಗಿ ಇರಲಿಲ್ಲ, ಸಮಾನ ಎದುರಾಳಿ ಮಾತ್ರ ಇದ್ದ.

ಜರ್ಮನಿಯವರು ಈ ಅಭದ್ರತೆಗೆ ಎರಡು ಮದ್ದು ಕಂಡುಕೊಂಡಿದ್ದಾರೆ. ಪಕ್ಷಗಳು ವಾರಗಟ್ಟಲೆ ಕುಳಿತು, ನೂರಕ್ಕೂ ಹೆಚ್ಚು ಪುಟಗಳ ಮೈತ್ರಿ ಒಪ್ಪಂದ ಬರೆದು ಪ್ರಕಟಿಸಿದ ಮೇಲೆಯೇ ಸರ್ಕಾರ ರಚಿಸುವುದು ಅಲ್ಲಿನ ರೂಢಿ. 2021ರಲ್ಲಿ ಸೆಪ್ಟೆಂಬರ್ 26ರಂದು ಚುನಾವಣೆ ಮುಗಿದರೂ ಸರ್ಕಾರ ಬಂದದ್ದು ಡಿಸೆಂಬರ್ 8ಕ್ಕೆ. ನಮ್ಮಲ್ಲಿ 2018ರಲ್ಲಿ ಕಾಂಗ್ರೆಸ್ ಮುಖ್ಯಮಂತ್ರಿ ಸ್ಥಾನವನ್ನೇ ಜೆಡಿಎಸ್‌ಗೆ ಬಿಟ್ಟುಕೊಡಲು ಒಪ್ಪಿದ್ದು ಮತ ಎಣಿಕೆಯ ದಿನ ಮಧ್ಯಾಹ್ನ. ಎರಡನೆಯ ಮದ್ದು ಅವರ ಸಂವಿಧಾನವಾದ ಮೂಲ ಕಾನೂನಿನ 67ನೇ ವಿಧಿ. ಇದರಂತೆ ಸರ್ಕಾರದ ಮುಖ್ಯಸ್ಥರಾದ ಚಾನ್ಸಲರನ್ನು ಇಳಿಸಬೇಕಾದರೆ ಅದೇ ಮತದಲ್ಲಿ ಮುಂದಿನವರನ್ನು ಆರಿಸಬೇಕು. ಕೆಡವಲು ಕೂಡುವ ಬಹುಮತ ಕಟ್ಟಲೂ ಕೂಡಿರಬೇಕೆಂಬುದು ಅದರ ಹಿಂದಿನ ತರ್ಕ. 1982ರಲ್ಲಿ ಹೆಲ್ಮುಟ್ ಶ್ಮಿಟ್ ಹೋಗಿ ಹೆಲ್ಮುಟ್ ಕೋಲ್ ಬಂದದ್ದು ಹಾಗೆ. ಆದರೂ 2021ರ ಆ ಮೂರು ಪಕ್ಷಗಳ ಸರ್ಕಾರ ಆಯವ್ಯಯದ ಜಗಳದಲ್ಲಿ 2024ರ ನವೆಂಬರ್‌ನಲ್ಲಿ ಮುರಿದು ಬಿತ್ತು. ಬರೆದಿಟ್ಟರೆ ಜಗಳ ಯಾವುದರ ಬಗ್ಗೆ ಎಂಬುದು ಸ್ಪಷ್ಟವಾಗುತ್ತದೆ, ಜಗಳ ನಿಲ್ಲುವುದಿಲ್ಲ.

ನಮ್ಮಲ್ಲಿರುವ ಮದ್ದು ಪಕ್ಷಾಂತರ ನಿಷೇಧ ಕಾಯ್ದೆ. ಆರಂಭದಲ್ಲಿ ಶಾಸಕಾಂಗ ಪಕ್ಷದ ಮೂರನೇ ಒಂದು ಭಾಗ ಹೊರಬಂದರೆ ಅದನ್ನು ಪಕ್ಷದ ವಿಭಜನೆಯೆಂದು ಒಪ್ಪುತ್ತಿದ್ದರು. 2003ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿ, ಮೂರನೇ ಎರಡರಷ್ಟು ಸದಸ್ಯರ ವಿಲೀನವೊಂದನ್ನೇ ಉಳಿಸಿತು. ಬಾಗಿಲು ಮುಚ್ಚಿದ ಮೇಲೆ ಕಿಟಕಿ ಕಂಡುಹಿಡಿದದ್ದು ಕರ್ನಾಟಕ. ವಿಪ್ ಮೀರಿ ಮತ ಹಾಕಿದರೆ ಅನರ್ಹತೆ, ಆದರೆ ಶಾಸಕ ಸ್ಥಾನಕ್ಕೇ ರಾಜೀನಾಮೆ ಕೊಟ್ಟರೆ? 2008ರಲ್ಲಿ 110 ಗೆದ್ದು ಮೂರಕ್ಕೆ ಕೊರತೆಯಿದ್ದ ಬಿಜೆಪಿ ಪಕ್ಷೇತರರನ್ನು ಸೇರಿಸಿಕೊಂಡು ಸರ್ಕಾರ ರಚಿಸಿದ ಮೇಲೆ, ಕಾಂಗ್ರೆಸ್ ಮತ್ತು ಜೆಡಿಎಸ್ ಶಾಸಕರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟು ಕಮಲದ ಚಿಹ್ನೆಯಲ್ಲಿ ಉಪಚುನಾವಣೆಗೆ ನಿಂತರು. ‘ಆಪರೇಷನ್ ಕಮಲ’ ಎಂಬ ಹೆಸರು ಆಗ ಬಳಕೆಗೆ ಬಂತು.

2019ರಲ್ಲಿ ಮೈತ್ರಿ ಪಕ್ಷಗಳ ಶಾಸಕರು ಗುಂಪಾಗಿ ರಾಜೀನಾಮೆ ಕೊಟ್ಟದ್ದು ಅದರ ದೊಡ್ಡ ರೂಪ. ರಾಜೀನಾಮೆ ಸ್ವಯಂಪ್ರೇರಿತವೇ ಎಂದು ಸ್ಪೀಕರ್ ಪರಿಶೀಲಿಸಬೇಕೆಂಬ ನಿಯಮವಿರುವುದರಿಂದ ರಮೇಶ್ ಕುಮಾರ್ ಅವರು ತಕ್ಷಣ ಅಂಗೀಕರಿಸಲಿಲ್ಲ. ಶಾಸಕರು ಮುಂಬೈಯ ಹೋಟೆಲಿನಲ್ಲಿ ಉಳಿದರು, ಸದನಕ್ಕೆ ಬರುವಂತೆ ಅವರನ್ನು ಬಲವಂತ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಜುಲೈ 17ರಂದು ಮಧ್ಯಂತರ ಆದೇಶ ಕೊಟ್ಟಿತು. ಹಾಗಾಗಿ ವಿಪ್ ಇದ್ದೂ ಇಲ್ಲದಂತಾಯಿತು. ಸರ್ಕಾರ ಬಿದ್ದ ಮೇಲೆ ಸ್ಪೀಕರ್ 17 ಮಂದಿಯನ್ನು ವಿಧಾನಸಭೆಯ ಅವಧಿ ಮುಗಿಯುವವರೆಗೆ ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಅವಧಿ ಮುಗಿಯುವವರೆಗೆ ಚುನಾವಣೆಗೆ ನಿಲ್ಲಬಾರದೆಂಬ ಭಾಗವನ್ನು ರದ್ದು ಮಾಡಿತು. ಅನರ್ಹರಾದವರು ಮರುಆಯ್ಕೆಯಾಗುವವರೆಗೆ ಸಚಿವರಾಗುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ. ಮರುಆಯ್ಕೆಗೆ ಅಡ್ಡಿಯೇನೂ ಇರಲಿಲ್ಲ. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಸರ್ಕಾರ ಉಳಿಸಿಕೊಳ್ಳಲು ಬಿಜೆಪಿಗೆ ಆರು ಸ್ಥಾನ ಸಾಕಾಗಿತ್ತು, ಬಂದದ್ದು 12. 2020ರ ಫೆಬ್ರುವರಿ 6ರಂದು, ಹಾಗೆ ಗೆದ್ದು ಬಂದವರಲ್ಲಿ ಹತ್ತು ಮಂದಿ ರಾಜಭವನದಲ್ಲಿ ಸಚಿವರಾಗಿ ಪ್ರಮಾಣವಚನ ಸ್ವೀಕರಿಸಿದರು.